ಎಡಗಡೆ ಒತ್ತಿದರೆ ಮುಂದೆ

ಬಲಗೈ ಕೆಟ್ಟಿರುವುದನ್ನು ಕ್ರೇನಪ್ಪ ಯಾರಿಗೂ ಹೇಳಿರಲಿಲ್ಲ. ಮಂಡಿ ಕೆಟ್ಟಿರುವುದನ್ನು ಮಾತ್ರ ಊರಿಗೆಲ್ಲ ಡಂಗುರ ಹೊಡೆದಿದ್ದ. ಮೆಟ್ಟಿಲು ಹತ್ತುವಾಗ ಅಯ್ಯೋ ಅನ್ನುವುದು, ಕೂತು ಏಳುವಾಗ ಅಮ್ಮಾ ಅನ್ನುವುದು, ಔಷಧಿ ಅಂಗಡಿಯವನ ಮುಂದೆ ಪ್ಯಾಂಟು ಮೇಲೆತ್ತಿ ಊತ ತೋರಿಸುವುದು, ಎಲ್ಲ ಮಂಡಿಗೇ ಮೀಸಲು. ಕೈಯಿಂದ ಲೋಟ ಜಾರಿ ಬಿದ್ದರೆ ಅದನ್ನೂ ಮಂಡಿಯ ತಲೆಗೇ ಕಟ್ಟುತ್ತಿದ್ದ. "ಮಂಡಿ ಚುಳ್ ಅಂತು ನೋಡು, ಲೋಟ ಬಿಟ್ಬಿಟ್ಟೆ" ಅನ್ನುತ್ತಿದ್ದ. ಪಾಪ, ಆ ಮಂಡಿ ತನ್ನದಲ್ಲದ ತಪ್ಪಿಗೆಲ್ಲ ಬೈಸಿಕೊಂಡಿತ್ತು.

ಅವನು ಬಂದರಿನಲ್ಲಿ ಕ್ರೇನ್ ಓಡಿಸಿ ನಿವೃತ್ತನಾದವನು. ಕ್ರೇನಪ್ಪ ಅನ್ನುವುದು ಜೊತೆಯ ಕೂಲಿಗಳು ಇಟ್ಟ ಹೆಸರು. ಅದು ಗೇಟು ದಾಟಿ, ಬೀದಿ ದಾಟಿ, ಮನೆಯೊಳಗೂ ಬಂದು ಕೂತುಬಿಟ್ಟಿತು. ಅವನು ಹಡಗಿನ ಹೊಟ್ಟೆಯಿಂದ ಪೆಟ್ಟಿಗೆ ಎತ್ತಿ ಲಾರಿಗೆ ಇಳಿಸುವಾಗ ಕೆಳಗೆ ನಿಂತವರು ತಲೆಯೆತ್ತಿ ನೋಡುತ್ತಲೂ ಇರಲಿಲ್ಲ. ಅವನ ಕೈ ಮೇಲೆ ಅಷ್ಟು ನಂಬಿಕೆ. ಈಗ ಆ ಕೈಗೆ ಹೆಬ್ಬೆರಳಿನಿಂದ ಶುರುವಾಗಿ ಮಣಿಕಟ್ಟಿನವರೆಗೆ ಜೋಮು. ನೋವಿದ್ದಿದ್ದರೆ ಎಷ್ಟೋ ವಾಸಿ, ಮುಲಾಮು ಹಚ್ಚಿ ಬೈಯಬಹುದಿತ್ತು. ನೋವೂ ಇಲ್ಲ, ಉರಿಯೂ ಇಲ್ಲ. ಬೆರಳುಗಳು ಇದ್ದೂ ಇಲ್ಲದವರ ಹಾಗೆ ಇದ್ದವು.

ಹೇಳದೆ ಇರುವುದಕ್ಕೆ ಕಾರಣ ಒಂದೇ. ಅದು ಮೊಮ್ಮಗಳು. ಕೂಸಾಗಿದ್ದಾಗ ರಾಗವಾಗಿ ಅತ್ತು ಅತ್ತು ಪಿಟೀಲು ಅನ್ನುವ ಹೆಸರು ಗಳಿಸಿಕೊಂಡವಳು, ಈಗ ಎರಡನೇ ಕ್ಲಾಸು. ಮಗಳಿಗೆ ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ಸಂಜೆಯವರೆಗೂ ಕೆಲಸ. ಅಳಿಯ ಹಡಗಿನವನು, ವರ್ಷದಲ್ಲಿ ಅರ್ಧ ನೀರಿನ ಮೇಲೆ. ಹಾಗಾಗಿ ಪಿಟೀಲನ್ನು ಸ್ಕೂಲಿನಿಂದ ಕರೆದುಕೊಂಡು ಬರುವ ಕೆಲಸ ಕ್ರೇನಪ್ಪನದು. ಬೆಳಗ್ಗೆ ಎದ್ದಾಗಿನಿಂದ ಸ್ಕೂಲಿನ ಗಂಟೆ ಹೊಡೆಯುವವರೆಗೆ ಅವನು ಬದುಕುತ್ತಿರಲಿಲ್ಲ, ಕಾಯುತ್ತಿದ್ದ. ಗಂಟೆ ಹೊಡೆದು, ಬ್ಯಾಗು ನೆಲಕ್ಕೆ ತಾಗಿಸಿಕೊಂಡು ಓಡಿ ಬಂದ ಹುಡುಗಿ "ಅಜ್ಜಾ, ಇವತ್ತು ಏನಾಯ್ತು ಗೊತ್ತಾ" ಅಂದಮೇಲೇ ಅವನ ದಿನ ಶುರು. ಅದೊಂದನ್ನು ಕಿತ್ತುಕೊಂಡರೆ ತನ್ನ ಹತ್ತಿರ ಏನೂ ಉಳಿಯುವುದಿಲ್ಲ ಅನ್ನುವುದು ಅವನಿಗೆ ಚೆನ್ನಾಗಿ ಗೊತ್ತಿತ್ತು.

ಆದರೆ ಮಗಳಿಗೂ ಕಣ್ಣಿತ್ತಲ್ಲ. ದಿನವಿಡೀ ಸೂಜಿಯ ಮೊನೆ ನೋಡುವವಳ ಕಣ್ಣು ಅದು. ಒಂದು ದಿನ ಒಲೆಯ ಮುಂದೆ ಹಾಲಿನ ಪಾತ್ರೆ ಕೈಜಾರಿ ಅಡುಗೆಮನೆಯೆಲ್ಲ ಬೆಳ್ಳಗಾದಾಗ ಅವಳು ಬಟ್ಟೆ ತಂದು ಒರೆಸಿದಳು. ಅದನ್ನು ಹಿಂಡುತ್ತಾ ಹೇಳಿದಳು.

"ಅಪ್ಪ, ಪಿಟೀಲು ತುಂಬಾ ದಿನದಿಂದ ಥೀಮ್ ಪಾರ್ಕು ಥೀಮ್ ಪಾರ್ಕು ಅಂತ ಪ್ರಾಣ ತಿಂತಿದಾಳೆ. ಶನಿವಾರ ಹೋಗೋಣ. ಅಲ್ಲಿ ನಡೆಯೋಕಾಗದವರಿಗೆ ಬ್ಯಾಟರಿ ಸ್ಕೂಟರ್ ಬಾಡಿಗೆಗೆ ಕೊಡ್ತಾರಂತೆ. ನೀನು ಆ ಜನದ ಮಧ್ಯೆ ಒಂದಿನ ಹೇಗೆ ನಿಭಾಯಿಸ್ತೀಯ ಅಂತ ನಾನೂ ನೋಡ್ತೀನಿ. ಆಗಲ್ಲ ಅಂತ ಅನ್ನಿಸಿದ್ರೆ ಇವಳನ್ನ ಡೇಕೇರಿಗೆ ಹಾಕ್ತೀನಿ. ಬೇಜಾರು ಮಾಡ್ಕೋಬಾರದು."

"ನನಗೇನಾಗಿದೆ? ಮಂಡಿ ಒಂದು ಬಿಟ್ರೆ ಕಲ್ಲುಗುಂಡು ಇದ್ದ ಹಾಗಿದೀನಿ" ಅಂದ ಕ್ರೇನಪ್ಪ. ಅಂದವನಿಗೆ ಶನಿವಾರದವರೆಗೆ ಸರಿಯಾಗಿ ನಿದ್ದೆ ಹತ್ತಲಿಲ್ಲ.

ಪಾರ್ಕಿನ ಗೇಟಿನ ಪಕ್ಕದಲ್ಲೇ ಬಾಡಿಗೆಯ ಕೌಂಟರು. ತಗಡಿನ ಚಾವಣಿಯ ಕೆಳಗೆ ಗಾಲಿಕುರ್ಚಿಗಳು, ಮಕ್ಕಳ ತಳ್ಳುಗಾಡಿಗಳು, ಗೋಡೆಯುದ್ದಕ್ಕೂ ಚಾರ್ಜಿಗೆ ಹಾಕಿ ನಿಲ್ಲಿಸಿದ ಸ್ಕೂಟರುಗಳು. ಸ್ಕೂಟರ್ ಅಂದಾಗ ಕ್ರೇನಪ್ಪ ರಸ್ತೆಯಲ್ಲಿ ಓಡುವಂಥದ್ದನ್ನು ನೆನೆಸಿಕೊಂಡಿದ್ದ. ಇದೋ, ಆಫೀಸಿನ ಕುರ್ಚಿಗೆ ಯಾರೋ ಚಕ್ರ, ಹ್ಯಾಂಡಲು, ಮುಂದೊಂದು ಬುಟ್ಟಿ ಸಿಕ್ಕಿಸಿ ಕಳಿಸಿದ ಹಾಗಿತ್ತು.

ಕೌಂಟರಿನವನು ಮಾತಿನ ಮಲ್ಲ. ಬಿಸಿಲಿಗೆ ಮೂಗಿನ ಮೇಲಿನ ಸಿಪ್ಪೆ ಸುಲಿದಿತ್ತು.

"ಯಜಮಾನ್ರೇ, ಇದರಷ್ಟು ಸಾಧು ಗಾಡಿ ಇನ್ನೊಂದಿಲ್ಲ. ಇಲ್ನೋಡಿ, ಹ್ಯಾಂಡಲ್ ಕೆಳಗೆ ಲಿವರ್ ಇದೆ. ಬಲಗಡೆ ತುದೀನ ಹೆಬ್ಬೆರಳಲ್ಲಿ ಒತ್ತಿದ್ರೆ ಮುಂದಕ್ಕೆ. ಎಡಗಡೆ ಒತ್ತಿದ್ರೆ ಹಿಂದಕ್ಕೆ. ಬಿಟ್ರೆ ನಿಲ್ಲತ್ತೆ. ಬ್ರೇಕು ಗೀಕು ಅಂತ ತಲೆ ಕೆಡಿಸ್ಕೊಳ್ಳೋದೇ ಬೇಡ."

ಬಲಗಡೆ ಅನ್ನುವ ಮಾತು ಕಿವಿಗೆ ಬಿದ್ದದ್ದೇ ಕ್ರೇನಪ್ಪ ಮಗಳ ಕಡೆ ಓರೆಗಣ್ಣಲ್ಲಿ ನೋಡಿದ. ಕೂತು, ಬಲ ಹೆಬ್ಬೆರಳನ್ನು ಲಿವರಿನ ಮೇಲೆ ಇಟ್ಟ. ಒತ್ತಿದ್ದೇನೆ ಅಂದುಕೊಂಡ, ಗಾಡಿ ಮಿಸುಕಲಿಲ್ಲ. ಇನ್ನಷ್ಟು ಒತ್ತಿದ. ಗಾಡಿ ಮುಗ್ಗರಿಸಿ ಮುಂದಕ್ಕೆ ಹಾರಿ, ಎದುರಿಗಿದ್ದ ಪ್ಲಾಸ್ಟಿಕ್ ಕಂಬವನ್ನು ಬೀಳಿಸಿ ನಿಂತಿತು. ಪಿಟೀಲು ಕಿಲಕಿಲ ನಕ್ಕಳು. ಮಗಳು ನಗಲಿಲ್ಲ.

"ಹೊಸ ಗಾಡಿ ಅಲ್ವಾ, ಕೈ ಕೂರ್ಬೇಕು" ಅಂದ ಕ್ರೇನಪ್ಪ. "ನೀವಿಬ್ರೂ ಹೋಗಿ ಟಿಕೆಟ್ ತಗೊಂಡು ಬನ್ನಿ. ಕ್ಯೂ ನೋಡು ಹೇಗೆ ಬೆಳೀತಿದೆ. ಬರೋಷ್ಟರಲ್ಲಿ ನಾನು ಪಳಗಿರ್ತೀನಿ."

ಅವರು ಕಣ್ಮರೆಯಾಗುವವರೆಗೆ ಕಾದ. ಆಮೇಲೆ ಕೌಂಟರಿನವನನ್ನು ಸನ್ನೆ ಮಾಡಿ ಹತ್ತಿರ ಕರೆದ. "ಈ ಲಿವರನ್ನ ಅದಲು ಬದಲು ಮಾಡೋಕಾಗತ್ತಾ? ಎಡಗಡೆ ಒತ್ತಿದ್ರೆ ಮುಂದೆ ಹೋಗೋ ಹಾಗೆ?"

"ಎಡಚರಾ?"

"ಹ್ಞೂ. ಹುಟ್ಟಾ ಎಡಚ."

ಇಷ್ಟು ಸಲೀಸಾಗಿ ಸುಳ್ಳು ಬಂದದ್ದಕ್ಕೆ ಅವನಿಗೇ ನಾಚಿಕೆಯಾಯಿತು. ಕೌಂಟರಿನವನಿಗೆ ಅದರ ಪರಿವೆಯೇ ಇಲ್ಲ. ಸ್ಕ್ರೂಡ್ರೈವರ್ ತಂದು ಹ್ಯಾಂಡಲಿನ ಮುಚ್ಚಳ ಬಿಚ್ಚಿ, ಒಳಗಿನ ವೈರಿನ ತುದಿ ಕಿತ್ತು, ತಿರುವಿ ಹಾಕಿ, ಮುಚ್ಚಿದ. ಕ್ರೇನಿನ ಲಿವರುಗಳ ಜೊತೆ ಬಾಳಿದ ಕ್ರೇನಪ್ಪನಿಗೆ ಇದು ಆಗುವ ಕೆಲಸ ಅಂತ ಅಂದಾಜಿತ್ತು.

"ಆಯ್ತು ನೋಡಿ. ಈಗ ಎಡಗಡೆ ಒತ್ತಿದ್ರೆ ಮುಂದೆ, ಬಲಗಡೆ ಒತ್ತಿದ್ರೆ ಹಿಂದೆ. ಮನೆಯವರಿಗೆ ಒಂದು ಮಾತು ಹೇಳಿಟ್ಟಿರಿ ಯಜಮಾನ್ರೇ. ತಾಳಿ, ಒಂದು ಕೆಂಪು ಟೇಪು ಅಂಟಿಸಿಬಿಡ್ತೀನಿ, ಕಣ್ಣಿಗೆ ಹೊಡೀಲಿ."

"ಟೇಪು ಗೀಪು ಏನೂ ಬೇಡ. ನಾನೊಬ್ಬನೇ ಕೂರೋದು."

ಮಗಳು ಟಿಕೆಟ್ ಹಿಡಿದು ಬರುವಷ್ಟರಲ್ಲಿ ಅವನು ಕಂಬಗಳ ನಡುವೆ ಹಾವಿನ ಹಾಗೆ ಸುತ್ತಿ ಬಂದು, ಗಕ್ಕನೆ ಅವಳ ಕಾಲ ಬುಡದಲ್ಲಿ ನಿಲ್ಲಿಸಿದ. ಪಿಟೀಲು ಚಪ್ಪಾಳೆ ತಟ್ಟಿದಳು. ಮಗಳು "ಪರವಾಗಿಲ್ವೇ" ಅಂದಳು. ಅವಳ ಕಣ್ಣು ಮಾತ್ರ ಇನ್ನೂ ಅಳೆಯುತ್ತಲೇ ಇತ್ತು.

ಒಳಗೆ ಹೋದರೆ ಜನವೋ ಜನ. ತಳ್ಳುಗಾಡಿಗಳು, ಬಲೂನುಗಳು, ಐಸ್‌ಕ್ರೀಮ್ ನೆಕ್ಕುತ್ತಾ ಎತ್ತಲೋ ನೋಡಿಕೊಂಡು ಅಡ್ಡ ಬರುವ ಮಕ್ಕಳು, ಫೋಟೋ ತೆಗೆಯಲು ಹಿಂದೆ ಹಿಂದೆ ಸರಿಯುವ ದೊಡ್ಡವರು. ಮೇಲೆ ಕಬ್ಬಿಣದ ಹಳಿಯ ಮೇಲೆ ಬಂಡಿಗಳು ಧಡಧಡ ಓಡಿದಾಗ ಅದರಲ್ಲಿದ್ದವರೆಲ್ಲ ಒಟ್ಟಿಗೆ ಕಿರುಚುತ್ತಿದ್ದರು. ಕ್ರೇನಪ್ಪನಿಗೆ ಆ ಬಂಡಿ ಹತ್ತುವ ಅಗತ್ಯವೇ ಇರಲಿಲ್ಲ, ನೆಲದ ಮೇಲೆಯೇ ಅವನ ಜೀವ ಬಾಯಿಗೆ ಬಂದಿತ್ತು.

ಎಡಗೈ ಕೆಲಸ ಮಾಡುತ್ತಿತ್ತು. ಬಲಗೈಯನ್ನು ಹ್ಯಾಂಡಲಿನ ಮೇಲೆ ನೋಡುವವರಿಗಾಗಿ ಇಟ್ಟಿದ್ದ, ಮದುವೆಮನೆಯಲ್ಲಿ ಕೂರಿಸಿದ ದೂರದ ನೆಂಟನ ಹಾಗೆ. ಮಗಳು ಪಕ್ಕದಲ್ಲೇ ನಡೆಯುತ್ತಿದ್ದಳು. ಲೈಸೆನ್ಸು ಕೊಡಲು ಬಂದ ಅಧಿಕಾರಿಯೂ ಅಷ್ಟು ನಿಗಾ ಇಡುವುದಿಲ್ಲ. ಇಳಿಜಾರು ಬಂದಾಗ ಅವನ ಮುಖ ನೋಡುತ್ತಿದ್ದಳು, ತಿರುವು ಬಂದಾಗ ಕೈ ನೋಡುತ್ತಿದ್ದಳು. ಅವಳು ಕೈ ನೋಡಿದಾಗೆಲ್ಲ ಕ್ರೇನಪ್ಪ ಬಲ ಮೊಣಕೈಯನ್ನು ಸ್ವಲ್ಪ ಅಲ್ಲಾಡಿಸಿ, ಅದೂ ಏನೋ ಘನಕಾರ್ಯ ಮಾಡುತ್ತಿದೆ ಅನ್ನುವ ಹಾಗೆ ತೋರಿಸುತ್ತಿದ್ದ. ಬೆನ್ನು ಬೆವರಿ ಅಂಗಿ ಅಂಟಿಕೊಂಡಿತ್ತು.

ಪಿಟೀಲಿಗೆ ಇದ್ಯಾವುದರ ಗೊಡವೆ? ಅವಳು ಸೀಟಿನ ಹಿಂದಿನ ಕಂಬಿಗೆ ಜೋತುಬಿದ್ದು, "ಅಜ್ಜಾ, ಜೋರಾಗಿ ಹೋಗು. ಮುದುಕರ ಥರ ಹೋಗ್ಬೇಡ" ಅನ್ನುತ್ತಿದ್ದಳು.

"ಮುದುಕನಲ್ದೆ ಇನ್ನೇನೇ ನಾನು?"

"ನೀನು ಕ್ರೇನಪ್ಪ."

ಮಗಳು ಆಗ ಮೊದಲ ಸಲ ನಕ್ಕಳು. ಮಧ್ಯಾಹ್ನದ ಹೊತ್ತಿಗೆ ಅವಳ ಹೆಗಲು ಸ್ವಲ್ಪ ಸಡಿಲವಾಗಿತ್ತು. ಎರಡು ಸಲ ಅವನನ್ನು ಬಿಟ್ಟು ಮುಂದೆ ಹೋಗಿ ಅಂಗಡಿ ನೋಡಿದಳು. ಊಟಕ್ಕೆ ಕೂತಾಗ, "ನಾನೇ ಸುಮ್ನೆ ಇಲ್ಲದ್ದೆಲ್ಲ ತಲೆಗೆ ಹಚ್ಕೊಂಡಿದ್ನೇನೋ" ಅಂದಳು. ಕ್ರೇನಪ್ಪ ಎಡಗೈಯಲ್ಲಿ ಚಮಚ ಹಿಡಿದು, ಬಲಗೈಯನ್ನು ಮೇಜಿನ ಕೆಳಗೆ ಬಚ್ಚಿಟ್ಟುಕೊಂಡು, ತಲೆಯಾಡಿಸಿದ. ಗೆದ್ದೆ ಅನ್ನಿಸಿತು. ಹಾಗನ್ನಿಸಿದ್ದೇ ಭಯ ಇಮ್ಮಡಿಯಾಯಿತು. ಇನ್ನು ಅರ್ಧ ದಿನ ಬಾಕಿ ಇತ್ತಲ್ಲ.

ದೋಣಿಯಾಟದ ಹತ್ತಿರ ಬಂದಾಗ ಅವನಿಗೆ ಶೌಚಾಲಯಕ್ಕೆ ಹೋಗಬೇಕಾಯಿತು. ಸ್ಕೂಟರನ್ನು ಹೂವಿನ ಪಾತಿಯ ಕಟಕಟೆಗೆ ಬೆನ್ನು ಮಾಡಿ ನಿಲ್ಲಿಸಿ, ಬುಟ್ಟಿಯಲ್ಲಿಟ್ಟಿದ್ದ ಕೋಲು ಹಿಡಿದು ಕುಂಟುತ್ತಾ ಹೋದ. ಕೀಲಿ ತೆಗೆಯಲು ಹೋಗಲಿಲ್ಲ. ಎಡಗೈಯಲ್ಲಿ ಕೋಲು, ಬಲಗೈಯಲ್ಲಿ ಕೀಲಿ ತಿರುಗಿಸಲು ಹೋಗಿ ಮಗಳೆದುರು ಮಾನ ಕಳೆದುಕೊಳ್ಳುವುದು ಯಾಕೆ ಅಂತ.

ಒಳಗೆ ಪ್ಯಾಂಟಿನ ಗುಂಡಿ ಬಿಚ್ಚುವುದು ಹೇಗೋ ಆಯಿತು. ಹಾಕುವುದೇ ಆಗಲಿಲ್ಲ. ಮನೆಯಲ್ಲಾದರೆ ಎಲಾಸ್ಟಿಕ್ಕಿನ ಪೈಜಾಮ. ಇವತ್ತು ಮಗಳು ಇಸ್ತ್ರಿ ಮಾಡಿಟ್ಟ ಪ್ಯಾಂಟು ಬೇಡವೆನ್ನಲು ನೆಪ ಸಿಕ್ಕಿರಲಿಲ್ಲ. ಬೆಳಗ್ಗೆ ಕೋಣೆಯ ಬಾಗಿಲು ಹಾಕಿಕೊಂಡು ಎಷ್ಟೋ ಹೊತ್ತು ಒದ್ದಾಡಿ ಗುಂಡಿ ಹಾಕಿಕೊಂಡಿದ್ದ. ಎಡಗೈಯಲ್ಲೇ ಗುಂಡಿಯನ್ನು ತಳ್ಳಿದ, ಎಳೆದ, ಗೋಡೆಗೆ ಹೊಟ್ಟೆ ಒತ್ತಿ ನೋಡಿದ. ಹೊರಗೆ ಯಾರೋ ಬಾಗಿಲು ತಟ್ಟಿದರು. ಕಣ್ಣಲ್ಲಿ ನೀರು ಬಂತು, ಸಿಟ್ಟಿನದೋ ದುಃಖದ್ದೋ ಅವನಿಗೇ ತಿಳಿಯಲಿಲ್ಲ. ಕೊನೆಗೆ ಬೆಲ್ಟು ಬಿಗಿದು, ಅಂಗಿಯನ್ನು ಹೊರಗೆ ಬಿಟ್ಟು, ಮುಖಕ್ಕೆ ನೀರು ಹಾಕಿಕೊಂಡು ಹೊರಬಂದ.

ಹೊರಬಂದವನು ಅಲ್ಲೇ ನಿಂತುಬಿಟ್ಟ.

ಕಸ ಗುಡಿಸುವವನೊಬ್ಬ ತನ್ನ ದೊಡ್ಡ ಗಾಡಿ ತಳ್ಳಿಕೊಂಡು ಬಂದಿದ್ದ. ದಾರಿ ಬಿಡಿ ಅಂದಿರಬೇಕು. ಮಗಳು ಸ್ಕೂಟರಿನ ಮೇಲೆ ಕೂತಿದ್ದಳು. ದಿನವೂ ತನ್ನ ಸ್ವಂತ ಸ್ಕೂಟರನ್ನು ಹಿಡಿಯುವ ಗತ್ತಿನಲ್ಲಿ ಹ್ಯಾಂಡಲು ಹಿಡಿದಿದ್ದಳು. ಅವಳ ಬೆನ್ನ ಹಿಂದೆ, ಸೀಟಿಗೂ ಕಟಕಟೆಗೂ ನಡುವಿನ ಸಂದಿಯಲ್ಲಿ, ಕಂಬಿಗೆ ಬಲೂನು ಕಟ್ಟುತ್ತಾ ಪಿಟೀಲು ನಿಂತಿದ್ದಳು.

ಬಲಗಡೆ ಒತ್ತಬೇಡ ಅನ್ನುವ ಮಾತು ಕ್ರೇನಪ್ಪನ ಗಂಟಲಿಗೆ ಬಂತು. ಅದರ ಬೆನ್ನಿಗೇ ಇನ್ನೊಂದು ಬಂತು: ಯಾಕೆ ಅಂತ ಕೇಳಿದರೆ ಏನು ಹೇಳಲಿ? ಇಷ್ಟೇ ಆದದ್ದು. ಉಸಿರು ಎಳೆದುಕೊಂಡು ಬಿಡುವಷ್ಟು ಹೊತ್ತು. ಬಂದರಿನಲ್ಲಿ ಅಷ್ಟು ಹೊತ್ತು ಯೋಚಿಸಿದವನನ್ನು ಕ್ರೇನ್ ಹತ್ತಲು ಬಿಡುತ್ತಿರಲಿಲ್ಲ. ಅವನು ಯೋಚಿಸಿದ. ಆಮೇಲೆ ಕೂಗಿದ. ಅಷ್ಟರಲ್ಲಿ ಮಗಳು ಒತ್ತಿಯಾಗಿತ್ತು.

ಗಾಡಿ ಹಿಂದಕ್ಕೆ ಹೋಯಿತು. ಹೆದರಿದ ಮಗಳು ಹ್ಯಾಂಡಲನ್ನು ಇನ್ನೂ ಬಿಗಿಯಾಗಿ ಹಿಡಿದಳು. ಅದು ಬಿಟ್ಟರೆ ನಿಲ್ಲುವ ಗಾಡಿ. ರಸ್ತೆಯ ಗಾಡಿಯಲ್ಲಿ ಬ್ರೇಕು ಹಿಡಿದು ಅಭ್ಯಾಸವಾದವಳ ಕೈ ಹೆದರಿದಾಗ ಬಿಡುತ್ತದೆಯೇ? ಹಿಡಿದಷ್ಟೂ ಅದು ಹಿಂದಕ್ಕೆ ನುಗ್ಗಿತು. ಪಿಟೀಲಿನ ಕೂಗು ಕೇಳಿತು. ಕಸದವನು ಹಾರಿ ಬಂದು ಕೀಲಿ ಕಿತ್ತ.

ಪ್ರಥಮ ಚಿಕಿತ್ಸೆಯ ಕೋಣೆ ಚಿಕ್ಕದು. ಒಂದು ಮಂಚ, ಎರಡು ಕುರ್ಚಿ, ಗೋಡೆಯ ಮೇಲೆ ನಗುವ ಮೊಲದ ಚಿತ್ರ. ನರ್ಸಮ್ಮ ಪಿಟೀಲಿನ ಕಾಲನ್ನು ತಿರುವಿ, ಒತ್ತಿ, ಬೆರಳು ಒಂದೊಂದಾಗಿ ಅಲ್ಲಾಡಿಸಿ ನೋಡಿದಳು. ಕಟಕಟೆಗೆ ಸಿಕ್ಕಿ ಮೊಣಕಾಲ ಕೆಳಗೆ ಚರ್ಮ ತರಚಿತ್ತು, ಹಿಮ್ಮಡಿ ಊದಿತ್ತು.

"ಮೂಳೆಗೇನೂ ಆಗಿಲ್ಲ ಕಣಮ್ಮ" ಅಂದಳು ಮಗಳಿಗೆ. "ಊತ ಇಳಿಯೋ ತನಕ ಓಡಾಡಿಸ್ಬೇಡಿ. ಇನ್ನೊಂಚೂರು ಜೋರಾಗಿ ಬಂದಿದ್ರೆ ಕಷ್ಟ ಇತ್ತು. ದೇವ್ರು ದೊಡ್ಡೋನು." ಪಟ್ಟಿ ಸುತ್ತಿ, ಐಸು ತರಲು ಹೋದಳು.

ಮಗಳ ಕಣ್ಣೀರು ನಿಂತಿರಲಿಲ್ಲ. ಕುರ್ಚಿಯಲ್ಲಿ ಕೂತು ತನ್ನ ಎರಡೂ ಅಂಗೈಗಳನ್ನು ತೊಡೆಯ ಮೇಲೆ ಬಿಚ್ಚಿಟ್ಟುಕೊಂಡು ನೋಡುತ್ತಿದ್ದಳು.

"ಬೆಳಗ್ಗೆಯಿಂದ ನಿನ್ನ ಮೇಲೆ ಕಣ್ಣಿಟ್ಟಿದ್ದೆ ಅಪ್ಪ. ನೀನೆಲ್ಲಿ ಯಾರಿಗೆ ಗುದ್ತೀಯೋ ಅಂತ. ಕೊನೆಗೆ ನನ್ನ ಮಗೂಗೆ ಗುದ್ದಿದ್ದು ನಾನು. ನೀನು ಅಷ್ಟು ಜನದ ಮಧ್ಯೆ ಒಂದು ಇರುವೆಗೂ ತಾಗಿಸ್ಲಿಲ್ಲ." ಮೂಗು ಒರೆಸಿಕೊಂಡಳು. "ಡೇಕೇರಿನ ಮಾತು ಮರೆತುಬಿಡು. ಇವಳನ್ನ ನೀನೇ ಕರ್ಕೊಂಡು ಬಾ, ಯಾವಾಗಿನ ಹಾಗೆ. ನಾನಿನ್ನು ತುಟಿ ಪಿಟಕ್ ಅನ್ನಲ್ಲ."

ಕ್ರೇನಪ್ಪನಿಗೆ ಬೇಕಾಗಿದ್ದದ್ದು ಅದೇ ಮಾತು. ಅದಕ್ಕಾಗಿ ನಿದ್ದೆಗೆಟ್ಟಿದ್ದ, ಸುಳ್ಳು ಹೇಳಿದ್ದ, ಗೋಡೆಗೆ ಹೊಟ್ಟೆ ಒತ್ತಿ ಅತ್ತಿದ್ದ. ಈಗ ಅದು ತಾನಾಗಿ ಮಡಿಲಿಗೆ ಬಂದು ಬಿದ್ದಿತ್ತು. ಸುಮ್ಮನಿದ್ದರೆ ಸಾಕು. ಸಂಜೆ ಸ್ಕೂಟರು ವಾಪಸು ಕೊಟ್ಟರೆ ಕೌಂಟರಿನವನು ವೈರು ತಿರುಗಿಸಿ ಹಾಕುತ್ತಾನೆ, ಅಲ್ಲಿಗೆ ಕಥೆ ಮುಗಿಯಿತು. ಅವನು ಸುಮ್ಮನಿದ್ದ. ಸುಮ್ಮನಿರುವುದು ಇಷ್ಟು ಭಾರ ಅಂತ ಅವನಿಗೆ ಗೊತ್ತಿರಲಿಲ್ಲ.

"ನಾನು ಸರಿಯಾಗೇ ಒತ್ತಿದ್ದೆ" ಅಂದಳು ಮಗಳು, ತನ್ನಷ್ಟಕ್ಕೆ ತಾನು ಹೇಳಿಕೊಳ್ಳುವ ಹಾಗೆ. "ಬಲಗಡೇನೇ ಒತ್ತಿದ್ದು ಅನ್ಸತ್ತೆ. ಅಥವಾ ಎಡಗಡೆ ಒತ್ತಿದ್ನೋ ಏನೋ. ನನ್ನ ಕೈ ಮೇಲೆ ನನಗೇ ನಂಬಿಕೆ ಹೋಗಿದೆ. ಇದೇ ಕೈಯಲ್ಲಿ ಎಳೇ ಮಕ್ಕಳಿಗೆ ಸೂಜಿ ಚುಚ್ತೀನಲ್ಲ ಅಪ್ಪ. ಸೋಮವಾರ ಹೇಗೆ ಹೋಗ್ಲಿ ಕೆಲಸಕ್ಕೆ?"

ಅದನ್ನು ಮಾತ್ರ ಕ್ರೇನಪ್ಪನಿಗೆ ತಡೆದುಕೊಳ್ಳಲಾಗಲಿಲ್ಲ. ಕೈ ಮೇಲಿನ ನಂಬಿಕೆ ಹೋದವರ ಪಾಡು ಏನು ಅಂತ ಆ ಕೋಣೆಯಲ್ಲಿ ಅವನಷ್ಟು ಬಲ್ಲವರು ಇರಲಿಲ್ಲ.

"ನಿನ್ನ ಕೈಗೆ ಏನೂ ಆಗಿಲ್ಲ" ಅಂದ. "ನೀನು ಬಲಗಡೇನೇ ಒತ್ತಿದ್ದು. ಆ ಲಿವರನ್ನ ಉಲ್ಟಾ ಮಾಡಿಸಿದ್ದು ನಾನು. ನೀವು ಟಿಕೆಟಿಗೆ ಹೋದಾಗ."

"ಯಾಕೆ?"

"ನನ್ನ ಬಲಗೈ ಸತ್ತಿದೆ ಕಣಮ್ಮ. ತುಂಬಾ ದಿನ ಆಯ್ತು. ನಿನಗೆ ಗೊತ್ತಾದ್ರೆ ಇವಳನ್ನ ನನ್ನ ಜೊತೆ ಬಿಡಲ್ಲ ಅಂತ ಮುಚ್ಚಿಟ್ಟೆ." ಅಷ್ಟಕ್ಕೆ ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ. "ನೀನು ಗಾಡಿ ಮೇಲೆ ಕೂತಿದ್ದನ್ನೂ ನೋಡಿದೆ. ಕೂಗ್ಬೇಕು ಅಂತ ಬಂತು. ಕೂಗಿದ್ರೆ ಸಿಕ್ಕಿಬೀಳ್ತೀನಿ ಅಂತ ಒಂದು ಗಳಿಗೆ ತಡೆದೆ. ಆ ಗಳಿಗೇಲೇ ಆಗ್ಹೋಯ್ತು."

ಮಗಳ ಮುಖ ಬಿಳುಪೇರಿತು. ಅವಳು ಅವನ ಬಲಗೈಯನ್ನು ನೋಡಿದಳು, ಮಂಚದ ಮೇಲಿನ ಪಟ್ಟಿ ಸುತ್ತಿದ ಕಾಲನ್ನು ನೋಡಿದಳು. ಬಾಯಿ ತೆರೆದಳು. ಅವಳು ಬೈದಿದ್ದರೆ ಕ್ರೇನಪ್ಪನಿಗೆ ಒಂದಿಷ್ಟು ಹಗುರಾಗುತ್ತಿತ್ತು. ಆದರೆ ಅವಳಿಗಿಂತ ಮೊದಲು ಪಿಟೀಲು ಮಾತಾಡಿದಳು.

"ಅಮ್ಮ, ಅಜ್ಜನ್ನ ಬೈಬೇಡ. ಅಜ್ಜಂಗೆ ಪಾಪ ಆ ಕೈ ಗೊತ್ತಾಗಲ್ಲ." ಅಜ್ಜನ ಪರ ವಾದಿಸಲು ಸಿಕ್ಕ ಅವಕಾಶವನ್ನು ಬಿಡಬಾರದು ಅನ್ನುವ ಉಮೇದಿನಲ್ಲಿ ಎದ್ದು ಕೂತಳು. "ದೊಡ್ಡ ರಸ್ತೆ ದಾಟುವಾಗ ಒಂದಿನ ನನ್ನ ಚಪ್ಪಲಿ ಬಿಚ್ಕೊಂಡ್ಬಿಡ್ತು. ನಾನು ಅಜ್ಜನ ಕೈ ಬಿಟ್ಟು ಮಧ್ಯದಲ್ಲೇ ನಿಂತೆ. ಅಜ್ಜ ನನ್ನ ಕೈ ಹಿಡ್ಕೊಂಡೇ ಇದೀನಿ ಅಂತ ಅಂದ್ಕೊಂಡು, ಮಾತಾಡ್ತಾ ಮಾತಾಡ್ತಾ ಆ ಕಡೆ ಹೋಗ್ಬಿಟ್ಟ. ನಾನೇ ಓಡಿ ಹೋಗಿ ಮತ್ತೆ ಹಿಡ್ಕೊಂಡೆ. ಅಜ್ಜಂಗೆ ಗೊತ್ತೇ ಆಗ್ಲಿಲ್ಲ. ಆವತ್ತಿಂದ ನಾನೇ ಗಟ್ಟಿಯಾಗಿ ಹಿಡ್ಕೋತೀನಿ ಅಮ್ಮ. ಬಿಡೋದೇ ಇಲ್ಲ."

ಹೇಳಿ ಮುಗಿಸಿ, ಶಹಬ್ಬಾಸ್ ಅನ್ನುತ್ತಾರೆ ಅಂತ ಇಬ್ಬರ ಮುಖವನ್ನೂ ನೋಡಿದಳು.

ಹೊರಗೆ ಹಳಿಯ ಮೇಲೆ ಬಂಡಿ ಹೋಯಿತು, ಜನ ಕಿರುಚಿದರು. ಕ್ರೇನಪ್ಪನಿಗೆ ಆ ದೊಡ್ಡ ರಸ್ತೆ ಕಣ್ಣಿಗೆ ಕಟ್ಟಿತು. ಎರಡೂ ಕಡೆಯಿಂದ ನುಗ್ಗುವ ಲಾರಿಗಳು, ನಟ್ಟನಡುವೆ ಬಗ್ಗಿ ಚಪ್ಪಲಿ ಹಾಕಿಕೊಳ್ಳುತ್ತಿರುವ ಹುಡುಗಿ, ಆಚೆ ದಡದಲ್ಲಿ ಬರಿಗೈ ಹಿಡಿದುಕೊಂಡು ಅವಳ ಜೊತೆ ಮಾತಾಡುತ್ತಾ ಹೋಗುತ್ತಿರುವ ಒಬ್ಬ ಮುದುಕ. ಮಗುವನ್ನು ದಿನವೂ ಮನೆ ಮುಟ್ಟಿಸುವವನು ತಾನು ಅಂದುಕೊಂಡಿದ್ದ.

ಮಗಳು ಎದ್ದು ಕಿಟಕಿಯ ಹತ್ತಿರ ಹೋಗಿ ನಿಂತಳು. ಬೆನ್ನು ಅಲುಗುತ್ತಿತ್ತು. ತನ್ನ ಬಾಯಿಂದ ಆ ಮಾತು ಹೊರಡಿಸಲು ಅವಳಿಗೆ ಆಗುತ್ತಿಲ್ಲ ಅನ್ನುವುದು ಅವನಿಗೆ ಅರ್ಥವಾಯಿತು. ಹೆತ್ತ ಅಪ್ಪನಾಗಿ ಅಷ್ಟು ಕಷ್ಟವನ್ನಾದರೂ ಅವಳಿಗೆ ತಪ್ಪಿಸಬೇಕಿತ್ತು.

"ಆ ಡೇಕೇರಿನ ಅಮ್ಮನ ನಂಬರು ಇದೆಯಲ್ಲ ನಿನ್ನ ಹತ್ರ" ಅಂದ. "ಮಾಡು."

"ಅಪ್ಪ, ಮನೆಗೆ ಹೋಗಿ ಮಾತಾಡೋಣ."

"ಮನೆಗೆ ಹೋದ್ರೆ ನಾನು ಮತ್ತೆ ಏನಾದ್ರೂ ನೆಪ ಹುಡುಕ್ತೀನಿ. ನನ್ನ ಬುದ್ಧಿ ನನಗೆ ಗೊತ್ತು. ಈಗ್ಲೇ ಮಾಡು."

ಅವಳು ಫೋನು ತೆಗೆದಳು. ಮೆಲುದನಿಯಲ್ಲಿ ಮಗುವಿನ ಹೆಸರು, ಸ್ಕೂಲು, ಬಿಡುವ ಹೊತ್ತು ಹೇಳಿದಳು. ಪಿಟೀಲು ಅಜ್ಜನ ಮುಖವನ್ನೂ ಅಮ್ಮನ ಬೆನ್ನನ್ನೂ ನೋಡುತ್ತಾ, ತಾನು ಹೇಳಬಾರದ್ದೇನನ್ನೋ ಹೇಳಿಬಿಟ್ಟೆ ಅಂತ ಈಗ ಹೊಳೆದವಳಂತೆ, ಮೂತಿ ಸಣ್ಣದು ಮಾಡಿದಳು. ಕ್ರೇನಪ್ಪ ಎಡಗೈಯಿಂದ ಅವಳ ತಲೆ ಸವರಿದ.

ಮಗಳು ಫೋನನ್ನು ಎದೆಗೆ ಒತ್ತಿಕೊಂಡು ತಿರುಗಿದಳು. "ಯಾವತ್ತಿಂದ ಅಂತ ಕೇಳ್ತಿದಾರೆ."

"ಸೋಮವಾರದಿಂದ ಅನ್ನು" ಅಂದ ಕ್ರೇನಪ್ಪ.